ಗೊತ್ತಾಗುವ ಹೊತ್ತಿಗೆ ಕೆಲಸ ಶುರುವಾಗಿರುತ್ತದೆ

ಓದುಗರ ಪತ್ರ: ನನಗೆ 29 ವರ್ಷ. ಮೂರು ವರ್ಷದಿಂದ ಟೈಪ್ 2 ಸಕ್ಕರೆ ಕಾಯಿಲೆ, ಮಾತ್ರೆ ನುಂಗುತ್ತಿದ್ದೇನೆ. ಈಚೆಗೆ ಮಾಡಿಸಿದ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ 8.4 ಬಂದಿದೆ. ಮಗು ಬೇಕು ಅಂದುಕೊಂಡಿದ್ದೇವೆ. ‘ಮೊದಲು ಬಸಿರಾಗು, ಸಕ್ಕರೆ ಆಮೇಲೆ ನೋಡಿಕೊಂಡರಾಯಿತು’ ಅನ್ನುತ್ತಾರೆ ಅತ್ತೆ. ಇನ್ಸುಲಿನ್ ಅಂದರೆ ನನಗೆ ಭಯ. ಏನು ಮಾಡಲಿ?

ಸಂಪಾದಕರ ಉತ್ತರ: ನಿಮ್ಮ ಅತ್ತೆ ಬಹುಶಃ ಬೇರೊಂದು ಸಕ್ಕರೆಯನ್ನು ನೋಡಿರಬೇಕು. ಬಸಿರಿನಲ್ಲಷ್ಟೇ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ ಒಂದಿದೆ. ಸಾಮಾನ್ಯವಾಗಿ 24ರಿಂದ 28ನೇ ವಾರದೊಳಗೆ ಅದರ ಪರೀಕ್ಷೆ ಮಾಡುತ್ತಾರೆ. ಆ ಕಾಯಿಲೆ ಬಂದವರಿಗೆ ‘ಆಮೇಲೆ ನೋಡೋಣ’ ನಡೆಯುತ್ತದೆ. ನಿಮಗೆ ನಡೆಯದು.

ಯಾಕೆ ಗೊತ್ತಾ? ಮೆದುಳು, ಬೆನ್ನುಹುರಿ ಆಗಬೇಕಾದ ನಾಳ ಗರ್ಭ ನಿಂತ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುತ್ತದೆ. ಹೃದಯವೂ ಮೊದಲ ಎಂಟು ವಾರಗಳಲ್ಲೇ ರೂಪುಗೊಳ್ಳುತ್ತದೆ. ಮುಟ್ಟು ತಪ್ಪಿ, ಅನುಮಾನ ಬಂದು, ಡಾಕ್ಟರ ಬಳಿ ಹೋಗುವಷ್ಟರಲ್ಲಿ ಆ ದಿನಗಳು ಕಳೆದೇ ಹೋಗಿರಬಹುದು. ಆಗ ಸಕ್ಕರೆ ಜಾಸ್ತಿ ಇದ್ದರೆ ಗರ್ಭಪಾತದ, ಅಂಗದೋಷದ ಅಪಾಯ ಏರುತ್ತದೆ.

ಎಚ್‌ಬಿಎ1ಸಿ ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ಹಾಗಾಗಿ ಕೆಲವು ತಿಂಗಳು ಕೈಯಲ್ಲಿಟ್ಟುಕೊಳ್ಳಿ. ಸಕ್ಕರೆ ತೀರಾ ಕುಸಿಯದಂತೆ 6.5ಕ್ಕಿಂತ ಕೆಳಗೆ ತರುವುದು ಗುರಿ. 10 ದಾಟಿದವರಿಗಂತೂ ಸದ್ಯ ಬಸಿರಾಗಬೇಡಿ ಅಂತಲೇ ಹೇಳುತ್ತಾರೆ. ನೀವು ನಡುವೆ ಇದ್ದೀರಿ. ಆ ಗುರಿ ಮುಟ್ಟುವವರೆಗೆ ಗರ್ಭನಿರೋಧಕ ಬಿಡಬೇಡಿ.

ಡಾಕ್ಟರಿಗೆ ‘ಮಗು ಬೇಕು’ ಎಂದು ಬಾಯಿಬಿಟ್ಟು ಹೇಳಿ. ಎಷ್ಟೋ ಜನ ಹೇಳುವುದೇ ಇಲ್ಲ! ಕೊಲೆಸ್ಟರಾಲಿನ ಸ್ಟ್ಯಾಟಿನ್, ಬಿಪಿಯ ಕೆಲವು ಮಾತ್ರೆ ಬಸಿರಿನಲ್ಲಿ ಆಗಿಬರುವುದಿಲ್ಲ, ಅವನ್ನು ಮೊದಲೇ ಬದಲಿಸಬೇಕು. ನೀವೇ ಯಾವುದನ್ನೂ ನಿಲ್ಲಿಸಬೇಡಿ. ಫೋಲಿಕ್ ಆಮ್ಲವೂ ಬಸಿರಿಗೆ ಮುಂಚೆಯೇ ಶುರುವಾಗಬೇಕು. ಸಕ್ಕರೆ ಇರುವವರಿಗೆ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣ, ದಿನಕ್ಕೆ 5 ಮಿಲಿಗ್ರಾಂ, ಬರೆದುಕೊಡುತ್ತಾರೆ. ಕಣ್ಣಿನ ರೆಟಿನಾ, ಕಿಡ್ನಿ ಪರೀಕ್ಷೆಯೂ ಆಗಲಿ. ರೆಟಿನಾದ ತೊಂದರೆ ಬಸಿರಿನಲ್ಲಿ ಬೇಗ ಉಲ್ಬಣಿಸಬಹುದು.

ಇನ್ನು ಬಸಿರಿನಲ್ಲಿ ಬೇಕಾಗಬಹುದಾದ ಇನ್ಸುಲಿನ್. ನಿಮ್ಮ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಇನ್ಸುಲಿನ್ ಹೆಚ್ಚೂಕಮ್ಮಿ ಹೋಗುವುದೇ ಇಲ್ಲ. ಹೆಚ್ಚು ಸಕ್ಕರೆ ಹೋದರೆ ಮಗು ತನ್ನದೇ ಇನ್ಸುಲಿನ್ ಜಾಸ್ತಿ ಮಾಡಿಕೊಂಡು ವಿಪರೀತ ದಪ್ಪಗಾಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೂ ಆ ಇನ್ಸುಲಿನ್ ಉಳಿದಿರುತ್ತದೆ, ಸಕ್ಕರೆಯ ಸರಬರಾಜು ಮಾತ್ರ ನಿಂತಿರುತ್ತದೆ. ಆಗ ಕೂಸಿಗೆ ಲೋ ಶುಗರ್. ಈಗ ಹೇಳಿ, ಹೆದರಬೇಕಾದದ್ದು ಯಾವುದಕ್ಕೆ?

ಬಸಿರಿನಲ್ಲಿ ರಕ್ತದ ಸಕ್ಕರೆ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಹಸಿದ ಹೊಟ್ಟೆಯಲ್ಲಿ 95, ಊಟವಾಗಿ ಒಂದು ಗಂಟೆಗೆ 140, ಎರಡು ಗಂಟೆಗೆ 120. ಇವುಗಳ ಒಳಗಿರಲಿ ಅನ್ನುತ್ತಾರೆ. ಮೊದಮೊದಲು ಸಕ್ಕರೆ ದಿಢೀರ್ ಇಳಿಯಬಹುದು, ಗ್ಲುಕೋಸ್ ಜೊತೆಗಿರಲಿ. ಕೊನೆಯ ತಿಂಗಳುಗಳಲ್ಲಿ ಮಾಸಿನ ಹಾರ್ಮೋನುಗಳಿಂದಾಗಿ ಇನ್ಸುಲಿನ್ ಎರಡು ಮೂರು ಪಟ್ಟು ಬೇಕಾದರೂ ಗಾಬರಿ ಬೇಡ, ಕಾಯಿಲೆ ಬಿಗಡಾಯಿಸಿದೆ ಅಂತಲ್ಲ. ಮಾಸು ಹೊರಬಿದ್ದ ತಕ್ಷಣ ಆ ಪ್ರಮಾಣ ಸರ್ರನೆ ಇಳಿಯುತ್ತದೆ. ಹೆರಿಗೆಯ ದಿನ ಎಷ್ಟು ತಗೊಳ್ಳಬೇಕು ಅಂತ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.