ಐಸ್ ಪ್ಲಾಂಟಿನ ಬೇರಿಂಗಿಗೆ ಹಿತ್ತಾಳೆ ಕೇಜ್ ಬೇಡ

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಐಸ್ ಪ್ಲಾಂಟ್ ಇದೆ. ತಂಪು ಮಾಡುವ ಅಮೋನಿಯಾ ಅನಿಲವನ್ನು ಒತ್ತುವ ಕಂಪ್ರೆಸರಿನ ಶಾಫ್ಟಿಗೆ 6312 ಸಂಖ್ಯೆಯ ಗುಂಡಿನ ಬೇರಿಂಗ್. ಗುಂಡುಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಬಳೆ, ಅಂದರೆ ಕೇಜ್, ಮೊದಲು ಸ್ಟೀಲಿನದಿತ್ತು. ಹೆಚ್ಚು ಬಾಳಿಕೆ ಬರಲೆಂದು ಕಳೆದ ಬಾರಿ ದುಬಾರಿಯ ಹಿತ್ತಾಳೆ ಕೇಜಿನದನ್ನು ಹಾಕಿಸಿದೆ. ಏಳೇ ತಿಂಗಳಲ್ಲಿ ಕೇಜ್ ಒಡೆದು ಚೂರಾಯಿತು. ಅಂಗಡಿಯವರು ಈಗ ಪ್ಲಾಸ್ಟಿಕ್ ಕೇಜಿನದನ್ನು ತೋರಿಸುತ್ತಿದ್ದಾರೆ. ಯಾವುದನ್ನು ಹಾಕಲಿ?

ಉತ್ತರ: ಮತ್ತೆ ಸ್ಟೀಲ್ ಕೇಜಿನದನ್ನೇ ಹಾಕಿಸಿ. ಫಿಟ್ಟರನನ್ನು ಬೈಯಬೇಡಿ. ಹಿತ್ತಾಳೆಗೂ ಅಮೋನಿಯಾಕ್ಕೂ ಆಗಿಬರುವುದಿಲ್ಲ.

ಬೈಕಂಪಾಡಿಯಲ್ಲಿ ಮೂವತ್ತು ವರ್ಷ ಯಂತ್ರ ದುರಸ್ತಿ ಮಾಡಿದವನು ನಾನು. ಹೀಗೆಯೇ ಒಡೆದ ಕೇಜಿನ ತುಂಡೊಂದು ಇಂದಿಗೂ ನನ್ನ ಮೇಜಿನ ಮೇಲಿದೆ. ಅದು ಎಲ್ಲಿಯೂ ಸವೆದಿಲ್ಲ, ತೆಳ್ಳಗಾಗಿಲ್ಲ. ಭೂತಗನ್ನಡಿ ಹಿಡಿದರೆ ಮಾತ್ರ ಹಳೆಯ ಪಿಂಗಾಣಿ ಬಟ್ಟಲಿನಲ್ಲಿರುವಂತಹ ಕೂದಲೆಳೆ ಬಿರುಕುಗಳು ಕಾಣುತ್ತವೆ. ತಯಾರಿಕೆಯಲ್ಲಿಯೋ ಓಟದಲ್ಲಿಯೋ ಲೋಹದೊಳಗೆ ಸೆಳೆತವಿದ್ದು, ತೇವದ ಜೊತೆ ಅಮೋನಿಯಾ ಸೋಕಿದರೆ ಹಿತ್ತಾಳೆ ಹೀಗೆ ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಸೇನೆಯ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಾಗ ಇದ್ದಲ್ಲಿಯೇ ಬಿರುಕು ಬಿಡುತ್ತಿದ್ದವು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣವೆಂದು 1921ರ ಹೊತ್ತಿಗೆ ಗೊತ್ತಾಯಿತು.

ಕೇಜ್ ಭಾರ ಹೊರುವುದಿಲ್ಲ, ಭಾರವೆಲ್ಲ ಗುಂಡುಗಳ ಮೇಲೆಯೇ. ಆದರೆ ಒಂದರ ಪಕ್ಕ ಒಂದು ಉರುಳುವ ಗುಂಡುಗಳು ತಾಗುವ ಜಾಗದಲ್ಲಿ ಎದುರುಬದುರಾಗಿ ಉಜ್ಜುತ್ತವೆ. ಆ ಉಜ್ಜಾಟವನ್ನು ತಪ್ಪಿಸಲು ಕೇಜ್ ಬೇಕು. ನಿಮ್ಮ ಶಾಫ್ಟ್ ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಕೇಜ್ ಸುಮಾರು 380 ಸುತ್ತು ತಿರುಗುತ್ತದೆ, ಅದೂ ಎಣ್ಣೆಯಲ್ಲಿ ಕರಗಿದ ಅಮೋನಿಯಾದ ನಡುವೆಯೇ. ಆದ್ದರಿಂದ ಬೆಲೆ ಕೇಳುವ ಮೊದಲು ಅದರ ಸುತ್ತ ಏನಿದೆ ಎಂದು ನೋಡಬೇಕು.

ಅಂಗಡಿಯವರು ತೋರಿಸಿದ್ದು ಗಾಜಿನ ನಾರು ಸೇರಿಸಿದ ಪಾಲಿಅಮೈಡ್, ಅಂದರೆ ನೈಲಾನ್ ಜಾತಿಯ ಪ್ಲಾಸ್ಟಿಕ್, ಇರಬೇಕು. ಅದು ಕೆಟ್ಟ ಸರಕಲ್ಲ. ಹಗುರ, ಸದ್ದು ಕಡಿಮೆ, ಗ್ರೀಸ್ ಸ್ವಲ್ಪ ಹೊತ್ತು ಒಣಗಿದರೂ ಸ್ಟೀಲಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಸಾಮಾನ್ಯ ಮೋಟಾರಿಗಾದರೆ ನಾನೇ ಹಾಕಿ ಎನ್ನುತ್ತಿದ್ದೆ. ಆದರೆ 120 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಅದು ಗಡುಸಾಗಿ ಒಡೆಯುತ್ತದೆ, ಬಿಸಿ ಅಮೋನಿಯಾ ಸೋಕುವಲ್ಲಿಯೂ ಬೇಡ. ಹಿತ್ತಾಳೆಗೂ ತನ್ನ ಜಾಗವಿದೆ: ಜಲ್ಲಿ ಕ್ರಷರಿನಂತೆ ಅದುರುವ ಯಂತ್ರಗಳ ದೊಡ್ಡ ಬೇರಿಂಗುಗಳು.

ಕೊಳ್ಳುವಾಗ ಸಂಖ್ಯೆಯ ಬಾಲ ಓದಿ. ಎಸ್‌ಕೆಎಫ್ ಕಂಪನಿಯ ಬೇರಿಂಗಿನಲ್ಲಿ 6312 ಎಂದಷ್ಟೇ ಇದ್ದರೆ ಸ್ಟೀಲ್ ಕೇಜ್, ‘ಎಂ’ ಇದ್ದರೆ ಹಿತ್ತಾಳೆ, ‘ಟಿಎನ್9’ ಇದ್ದರೆ ಪಾಲಿಅಮೈಡ್. ‘ಸಿ3’ ಕೇಜಿನ ಗುರುತಲ್ಲ, ಒಳಗಿನ ಸಡಿಲಿನ ಅಳತೆ. ಹಳೆಯ ಬೇರಿಂಗಿನಲ್ಲಿ ಅದಿದ್ದರೆ ಹೊಸದರಲ್ಲಿಯೂ ಇರಲಿ. ಹಾಕುವ ಮೊದಲು ಎಣ್ಣೆ ಬದಲಿಸಿ, ಎಣ್ಣೆ ನಿಲ್ಲುವ ಕಂಪ್ರೆಸರಿನ ಕೆಳಪೆಟ್ಟಿಗೆಯನ್ನು (ಕ್ರ್ಯಾಂಕ್‌ಕೇಸ್) ಪೂರ್ತಿ ತೊಳೆಸಿ. ಹಿತ್ತಾಳೆಯ ಒಂದು ಚೂರು ಒಳಗೆ ಉಳಿದರೂ ಹೊಸ ಗುಂಡಿಗೆ ಗಾಯವಾಗುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಕೇಜಿನ ಬೇರಿಂಗನ್ನು ಎಣ್ಣೆಯಲ್ಲಿ ಕಾಯಿಸಿ ಶಾಫ್ಟಿಗೆ ಹಾಕಬಹುದೇ? (ತಿಪಟೂರು)

ಉತ್ತರ: ಹಾಕಬಹುದು. ಬಿಸಿ 110 ಡಿಗ್ರಿ ಮೀರಬಾರದು, ಬೇರಿಂಗ್ ಪಾತ್ರೆಯ ತಳಕ್ಕೆ ತಾಗಬಾರದು, ತಂತಿಯಲ್ಲಿ ತೂಗುಹಾಕಿ. ಎರಡೂ ಬದಿ ಸೀಲ್ ಇರುವುದನ್ನು ಮಾತ್ರ ಎಣ್ಣೆಗೆ ಇಳಿಸಬೇಡಿ. ಅದರೊಳಗಿನ ಗ್ರೀಸ್ ಕರಗಿ ಹೋಗುತ್ತದೆ.