'ಸೆಲ್ಯುಲಾಯ್ಡ್' ತೋರಿಸಬಹುದಾ ಅಂತ ಕೇಳಿದವರಿಗೆ
ಸಾಗರದ ಕಾಲೇಜು ಹುಡುಗರಿಗೆ 'ಸೆಲ್ಯುಲಾಯ್ಡ್' ಹಾಕಿದರೆ ಕೂತು ನೋಡ್ತಾರಾ ಅಂತ ಕೇಳಿದ್ದೀರಿ. ಖಂಡಿತ ಹಾಕಿ. ಕಮಲ್ ನಿರ್ದೇಶನದ 2013ರ ಮಲಯಾಳಂ ಚಿತ್ರ. ಮಲಯಾಳಂನ ಮೊದಲ ಸಿನಿಮಾ 'ವಿಗತಕುಮಾರನ್' ಮಾಡಲು ಆಸ್ತಿ ಮಾರಿ, ಕೈ ಸುಟ್ಟುಕೊಂಡು, ಕೊನೆಗೆ ಹಲ್ಲಿನ ಡಾಕ್ಟರಾಗಿ ಬದುಕಿದ ಜೆ.ಸಿ. ಡೇನಿಯಲ್ ಕಥೆ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು 'ವಿಗತಕುಮಾರನ್' ನಾಯಕಿ ಪಿ.ಕೆ. ರೋಸಿ. ದಲಿತ ಹುಡುಗಿ ಮೇಲ್ಜಾತಿಯ ನಾಯರ್ ಹೆಣ್ಣಿನ ಪಾತ್ರ ಮಾಡಿದಳು ಅಂತ ಜನ ರೊಚ್ಚಿಗೆದ್ದರು, ಅವಳು ಊರೇ ಬಿಡಬೇಕಾಯಿತು. ಅನ್ಯಾಯ ಅಲ್ವಾ?

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಹೊತ್ತಲ್ಲಿ ನೋಡಿದ್ದೆವು. ಡೇನಿಯಲ್ ಮಗ 'ವಿಗತಕುಮಾರನ್' ರೀಲಿಗೆ ಬೆಂಕಿ ಹಚ್ಚುವ ದೃಶ್ಯ ಬಂದಾಗ ಅಮ್ಮ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು ಸುಮ್ನೆ ಕೂತುಬಿಟ್ಟರು. ಆ ಸಿನಿಮಾ ಇವತ್ತು ಉಳಿದಿಲ್ಲ. ಶುರುವಿಗೆ ಐದು ನಿಮಿಷ ರೋಸಿ ಬಗ್ಗೆ ಹೇಳಿ, ಆಮೇಲೆ ಹಾಕಿ.