ನಾಲ್ಕು ಗಂಟೆಯ ಅಲಾರಂ ತೆಗೆದುಬಿಡಿ

ದಾವಣಗೆರೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಮಗ ಎಸ್ಸೆಸ್ಸೆಲ್ಸಿ. ಒಂಬತ್ತನೇ ಕ್ಲಾಸಿನ ತನಕ ಓದಿನಲ್ಲಿ ಮುಂದಿದ್ದ. ಈಗ ಓದಿದ್ದು ಪರೀಕ್ಷೆಯಲ್ಲಿ ನೆನಪಿಗೇ ಬರುವುದಿಲ್ಲ. ಅರ್ಧವಾರ್ಷಿಕದಲ್ಲಿ ವಿಜ್ಞಾನಕ್ಕೆ 80ಕ್ಕೆ 31. 'ಇವನ ತಲೆ ಇಷ್ಟೇ, ಮಿಡ್ ಬ್ರೈನ್ ಆಕ್ಟಿವೇಶನ್ ಕ್ಲಾಸಿಗೆ ಹಾಕಿ' ಅಂತ ಮೈದುನ ಹಟ ಹಿಡಿದಿದ್ದಾರೆ. ಮಕ್ಕಳ ಮಿದುಳು ಚುರುಕು ಮಾಡುತ್ತೇವೆ ಎನ್ನುವ ಕ್ಲಾಸು ಅದು, ಫೀಸು ಹದಿನೆಂಟು ಸಾವಿರ. ಸೇರಿಸಲಾ, ಬೇಡವಾ?

ಬೇಡ. ಮಿಡ್ ಬ್ರೈನ್ ಅನ್ನುವುದು ಮಿದುಳಿನ ಒಂದು ಪುಟ್ಟ ಭಾಗ. ಕಣ್ಣು ಹೊರಳಿಸುವುದು, ಸದ್ದು ಬಂದ ಕಡೆ ತಿರುಗುವುದು, ಇಂಥವನ್ನು ನೋಡಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಎಲ್ಲರಲ್ಲೂ ಕೆಲಸ ಮಾಡುತ್ತಲೇ ಇದೆ. ಹೊಸದಾಗಿ ಚಾಲೂ ಮಾಡುವಂಥದ್ದು ಅಲ್ಲಿ ಏನೂ ಇಲ್ಲ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ.

ನನಗೆ ಸಂಕಟವಾಗಿದ್ದು ಪತ್ರದ ಕೊನೆಯ ಸಾಲು ಓದಿದಾಗ. 'ಜೂನ್‌ನಿಂದ ಚಿಕ್ಕಪ್ಪನೇ ದಿನಾ ನಾಲ್ಕಕ್ಕೆ ಎಬ್ಬಿಸುತ್ತಾರೆ, ಅದೊಂದು ಶಿಸ್ತು ಬಂದಿದೆ' ಅಂತ ಸುಮ್ನೆ ಬರೆದು ಮುಗಿಸಿದ್ದೀರಿ. ಟ್ಯೂಷನ್, ಊಟ, ಹೋಂವರ್ಕ್ ಎಲ್ಲ ಮುಗಿದು ಅವನು ಮಲಗುವುದು ಹನ್ನೊಂದೂವರೆಗೆ ಅಂತಲೂ ನೀವೇ ಹೇಳಿದ್ದೀರಿ. ಅಂದರೆ ನಾಲ್ಕೂವರೆ ಗಂಟೆ ನಿದ್ದೆ! ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ. ಮರೆವು ಶುರುವಾಗಿದ್ದೂ ಜೂನ್ ಆದಮೇಲೆಯೇ, ಅಲ್ವಾ?

ಬ್ರಾಹ್ಮಿ ಮುಹೂರ್ತದಲ್ಲಿ ಓದಿದರೆ ತಲೆಗೆ ಹತ್ತುತ್ತದೆ ಎನ್ನುವ ಮಾತು ನಮ್ಮಲ್ಲಿ ಬಹಳ ಹಳೆಯದು. ಎಂಟಕ್ಕೆ ಉಂಡು ಒಂಬತ್ತಕ್ಕೆ ಮಲಗುವ ಮನೆಯಲ್ಲಿ ಅದು ನಡೆಯುತ್ತಿತ್ತು. ನಿಮ್ಮ ಮನೆ ಹಾಗಿಲ್ಲ. ಜೊತೆಗೆ ಹದಿಹರೆಯದಲ್ಲಿ ಮೈಯ ಗಡಿಯಾರವೇ ಹಿಂದೆ ಬೀಳುತ್ತದೆ. ನಿದ್ದೆಗೆ ಅಣಿಮಾಡುವ ಮೆಲಟೊನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. ನಾಲ್ಕು ಗಂಟೆಗೆ ಪುಸ್ತಕದ ಮುಂದೆ ಕೂತ ಹುಡುಗನಿಗೆ ಅದಿನ್ನೂ ನಡುರಾತ್ರಿ. ಅವನು ತೂಕಡಿಸಿದರೆ ಅದು ಸೋಮಾರಿತನವಲ್ಲ. ಹಾಗಂತ ಯಾರಾದರೂ ಬೈದಿದ್ದರೆ ಇವತ್ತೇ ನಿಲ್ಲಿಸಿ.

ಇನ್ನೊಂದು ವಿಷಯ. ಹಗಲು ಓದಿದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವುದು ಜಾಸ್ತಿ ನಿದ್ದೆಯಲ್ಲೇ. ಹೊಸ ಪಾಠವನ್ನು ಮೊದಲು ಹಿಡಿದಿಡುವುದು ಹಿಪೊಕ್ಯಾಂಪಸ್ ಎಂಬ ಭಾಗ. ಗಾಢ ನಿದ್ದೆಯಲ್ಲಿ ಅದೇ ಪಾಠ ಮತ್ತೆ ಮತ್ತೆ ಮರುಕಳಿಸಿ ಮಿದುಳಿನ ಹೊರಪದರದಲ್ಲಿ ಬೇರೂರುತ್ತದೆ. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ಸುಳಿವು ಕಂಡಿದ್ದರು. ಅರ್ಥವಿಲ್ಲದ ಅಕ್ಷರಗಳನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಿದರು. ಎಂಟು ಗಂಟೆ ಎಚ್ಚರವಿದ್ದಾಗ ಉಳಿದದ್ದಕ್ಕಿಂತ ಎಂಟು ಗಂಟೆ ಮಲಗಿ ಎದ್ದಾಗ ಎಷ್ಟೋ ಹೆಚ್ಚು ನೆನಪಿತ್ತು. ನಿದ್ದೆ ಕತ್ತರಿಸಿ ಓದಿಸಿದರೆ ಓದಿದ್ದನ್ನೂ ಕತ್ತರಿಸಿದಂತೆ.

ಓದುವ ಹೊತ್ತು ಕಡಿಮೆಯಾಗುತ್ತಲ್ಲ ಅನ್ನುತ್ತೀರಿ. ಆಗಲಿ. ಅವನು ಒಂದೇ ಪಾಠವನ್ನು ಗೆರೆ ಎಳೆದು ನಾಲ್ಕು ಸಲ ಓದುತ್ತಾನಂತೆ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಲಿ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಮುಚ್ಚಿಟ್ಟು ನೆನಪಿಸಿಕೊಂಡವರು ಮುಂದಿದ್ದರು. ಬೋರ್ಡ್ ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಆತಂಕದಲ್ಲಿದ್ದೀರಿ. ಮಗನ ಮೇಲಂತೂ ಕರುಳು ಚುರುಕ್ ಅನ್ನುತ್ತದೆ. ಸಿಟ್ಟು ಬರುವುದು ಆ ಚಿಕ್ಕಪ್ಪನ ಮೇಲೆ. ಮಗುವಿನ ಮುಂದೆಯೇ 'ತಲೆ ಇಷ್ಟೇ' ಅನ್ನುವವರಿಗೆ ಅದರ ಓದಿನ ಉಸ್ತುವಾರಿ ಕೊಡಬಾರದು. ಈ ಅಂಕಣದಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಹದಿನೈದರಲ್ಲಿ ಯಾರ ತಲೆಯೂ 'ಇಷ್ಟೇ' ಆಗಿರುವುದಿಲ್ಲ. ಯೋಚಿಸಿ ನಿರ್ಧರಿಸುವ ಮುಂಭಾಗದ ಮಿದುಳು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ.

ಮಾಡಬೇಕಾದದ್ದು ಒಂದೇ. ಇವತ್ತಿನಿಂದ ಹತ್ತೂವರೆಗೆ ದೀಪ ಆರಲಿ, ಬೆಳಗ್ಗೆ ಆರೂವರೆ ತನಕ ಅವನನ್ನು ಯಾರೂ ಮುಟ್ಟಬೇಡಿ. ಹೋಂವರ್ಕ್ ಉಳಿದರೆ ಉಳಿಯಲಿ. ಟ್ಯೂಷನ್ ಅಡ್ಡ ಬಂದರೆ ಟ್ಯೂಷನ್ ಬಿಡಿಸಿ. ಮೈದುನನಿಗೆ ಈ ಮಾತನ್ನು ನೀವು ಹೇಳಬೇಡಿ, ನಿಮ್ಮ ಯಜಮಾನರೇ ಹೇಳಲಿ. ಇಡೀ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ.